ಎರಡು ಬೆರಳು ಗಿಡ್ಡ

"ಹೋದ ವಾರ ಮನೆಯಲ್ಲಿ ಎಷ್ಟು ಸಲ ಜಗಳವಾಯಿತು?" ಎಂಬ ಹದಿನಾಲ್ಕನೇ ಪ್ರಶ್ನೆಗೆ ಟೈಲರಮ್ಮ "ಸೊನ್ನೆ" ಎಂದಳು. ಸಮೀಕ್ಷಕಿ ಸೊನ್ನೆ ಬರೆದು, ಪಕ್ಕದಲ್ಲಿದ್ದ 'ನೆಮ್ಮದಿ ಹೆಚ್ಚಿದೆ' ಎಂಬ ಚೌಕಕ್ಕೆ ಗುರುತು ಹಾಕಿ, ಸಹಿಗೆಂದು ಹಾಳೆಯನ್ನು ಮುಂದಕ್ಕೆ ತಳ್ಳಿದಳು. ಟೈಲರಮ್ಮ ಪೆನ್ನು ಮುಟ್ಟಲಿಲ್ಲ.

"ಸೊನ್ನೆ ಸರಿಯಾಗಿದೆ ಮೇಡಂ. ಆ ಗುರುತು ತಪ್ಪು. ಅದನ್ನ ಹೊಡೆದುಹಾಕಿ, ಆಮೇಲೆ ಸಹಿ."

ಸಮೀಕ್ಷಕಿಗೆ ತಲೆ ಬಿಸಿಯಾಯಿತು. ಎಐ ಜೊತೆ ದಿನಾ ಮಾತಾಡಿದರೆ ಮನುಷ್ಯರ ನಡವಳಿಕೆ, ನೆಮ್ಮದಿ ಹೇಗೆ ಬದಲಾಗುತ್ತವೆ ಎಂದು ತಿಳಿಯಲು ಅವಳ ಸಂಸ್ಥೆ ಇನ್ನೂರು ಮನೆಗಳಿಗೆ ಸಲಹೆ ಹೇಳುವ ಒಂದು ಎಐ ಕೊಟ್ಟಿತ್ತು. ಈ ಮನೆಯಲ್ಲಿ ಅದು ಇದ್ದದ್ದು ಗಂಡನ ಫೋನಿನಲ್ಲಿ. ಆರು ತಿಂಗಳು ಮುಗಿದು ಇದು ಕೊನೆಯ ಭೇಟಿ. ಸಹಿ ಬೀಳದಿದ್ದರೆ ಈ ಮನೆಯ ಲೆಕ್ಕವೇ ಕಸದ ಬುಟ್ಟಿಗೆ.

"ಜಗಳ ಇಲ್ಲ ಅಂದ್ರೆ ನೆಮ್ಮದಿ ತಾನೇ ಅಕ್ಕಾ?"

"ಅವರನ್ನ ನೋಡಿ ಹೇಳಿ."

ಗಂಡ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಪಾಠ ಒಪ್ಪಿಸಲು ಬಂದವನಂತೆ ಕೂತಿದ್ದ. ಲಿಫ್ಟ್ ಮೆಕ್ಯಾನಿಕ್. ಮೊದಲೆಲ್ಲ ಒಂದು ಸ್ಕ್ರೂಡ್ರೈವರ್ ಕಾಣದಿದ್ದರೆ ಭೂಮಿ ಆಕಾಶ ಒಂದು ಮಾಡುತ್ತಿದ್ದ ಮನುಷ್ಯ. ಈಗ ಹೆಂಡತಿ ಏನಾದರೂ ಅಂದರೆ ಫೋನ್ ಹಿಡಿದು ಬಚ್ಚಲಿಗೆ ಹೋಗುತ್ತಾನೆ, ಎರಡು ನಿಮಿಷ ಬಿಟ್ಟು ಹೊರಗೆ ಬಂದು ಉತ್ತರ ಕೊಡುತ್ತಾನೆ.

"ಹೇಳದೆ ಕೇಳದೆ ತಂಗಿ ಮನೆಗೆ ಹೋಗಿ ಮೂರು ದಿನ ಇದ್ದು ಬಂದೆ," ಎಂದಳು ಟೈಲರಮ್ಮ. "ಬಂದ ತಕ್ಷಣ ಏನಂದ್ರು ಗೊತ್ತಾ? 'ನಿನಗೆ ನಿನ್ನದೇ ಸಮಯ ಬೇಕಿತ್ತೆಂದು ನನಗೆ ಅರ್ಥವಾಗುತ್ತದೆ.' ಅರ್ಥವಾಗುತ್ತದೆಯಂತೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಈ ಮಾತು ಕೇಳಿರಲಿಲ್ಲ ನಾನು. ಎದುರಿಗೆ ಇವರು ನಿಂತಿದ್ರೂ ಮನೇಲಿ ಒಬ್ಬಳೇ ಇದ್ದ ಹಾಗಾಯ್ತು."

"ಮೊದಲು ಜಗಳ ಆದಾಗ ಕೈ ಎತ್ತೋರಾ?" ಕೇಳಲೇಬೇಕಾದ್ದನ್ನು ಸಮೀಕ್ಷಕಿ ಕೇಳಿದಳು.

"ಛೇ, ಇಲ್ಲ. ಬಾಯಿ ಅಷ್ಟೇ. ನಂದೂ ಏನು ಕಮ್ಮಿ ಇಲ್ಲ. ಅರ್ಧ ಗಂಟೆ ಕೂಗಾಡಿ, ಆಮೇಲೆ ಯಾಕೆ ಶುರುವಾಯ್ತು ಅಂತ ನೆನಪಾಗದೆ ನಗ್ತಿದ್ವಿ." ಅವಳು ಗಂಡನ ಕಡೆ ಕತ್ತರಿ ತೋರಿಸಿದಳು. "ಪರೀಕ್ಷೆ ನಿಮ್ಮದೊಂದೇ ಅಲ್ಲ ಮೇಡಂ. ನಾನೂ ಒಂದು ಇಟ್ಟಿದ್ದೀನಿ. ಆ ಶರ್ಟಿನ ತೋಳು ನೋಡಿ."

ನೀಲಿ ಬಣ್ಣದ ತುಂಬು ತೋಳಿನ ಶರ್ಟು. ಬಲತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿತ್ತು. ಎಡತೋಳು ಎರಡು ಬೆರಳು ಗಿಡ್ಡ.

"ಬೇಕಂತಲೇ ಕತ್ತರಿಸಿದ್ದು. ಮೂವತ್ತು ವರ್ಷದಿಂದ ಹೊಲಿತಿದ್ದೀನಿ, ಒಬ್ಬ ಗಿರಾಕಿಗೂ ಹೀಗೆ ಮಾಡಿದವಳಲ್ಲ. ಒಂದೂವರೆ ತಿಂಗಳಿಂದ ಹಾಕ್ಕೊಂಡು ಓಡಾಡ್ತಿದ್ದಾರೆ. ಮೊದಲ ದಿನ 'ನಿನ್ನ ಶ್ರಮವನ್ನು ಗೌರವಿಸುತ್ತೇನೆ' ಅಂದ್ರು. ಅಷ್ಟೇ."

ಗಂಡನ ಕೈ ತಾನಾಗಿ ಮೇಜಿನ ಮೇಲಿದ್ದ ಫೋನಿನ ಕಡೆ ಹೋಯಿತು. ಟೈಲರಮ್ಮ ಅದಕ್ಕೂ ಮೊದಲೇ ಅದನ್ನು ಎತ್ತಿಕೊಂಡು, ಹೊಲಿಗೆ ಮೆಷಿನ್ನಿನ ಡ್ರಾಯರಿಗೆ ಹಾಕಿ ಮುಚ್ಚಿದಳು. "ಇವತ್ತು ಇವರು ತಮ್ಮ ಬಾಯಿಂದ ಒಂದು ಮಾತು ಆಡ್ಲಿ. ಎಂಥಾದ್ದಾದ್ರೂ ಸರಿ. ಅಲ್ಲೀವರೆಗೂ ನಾನು ಸಹಿ ಹಾಕಲ್ಲ."

ಸಮೀಕ್ಷಕಿ ಗಡಿಯಾರ ನೋಡಿಕೊಂಡಳು. ಇನ್ನೂ ನಾಲ್ಕು ಮನೆ ಬಾಕಿ ಇದ್ದವು. ಆದರೂ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತು, "ನಾನು ಕಾಯ್ತೀನಿ," ಎಂದಳು.

ಮೆಕ್ಯಾನಿಕ್ ಸೂರು ನೋಡಿದ, ನೆಲ ನೋಡಿದ. ಗಿಡ್ಡ ತೋಳನ್ನು ಮಣಿಕಟ್ಟಿನ ಕಡೆಗೆ ಎಳೆದುಕೊಂಡ.

"ಆ ಎಐನ ಕೇಳಿದ್ದೆ," ಎಂದ ಕೊನೆಗೆ. "ತೋಳು ಗಿಡ್ಡ ಆಗಿದೆ, ಹೇಗೆ ಹೇಳ್ಲಿ ಅಂತ. ಹೇಳು, ಆದ್ರೆ ಒಳ್ಳೆ ಸಮಯ ನೋಡಿ ಹೇಳು ಅಂತು."

"ಅದಕ್ಕೆ?"

"ಒಳ್ಳೆ ಸಮಯ ನೋಡ್ತಿದ್ದೆ."

"ಒಂದೂವರೆ ತಿಂಗಳು?"

"ದಿನಾ ಕೇಳ್ತಿದ್ದೆ ಕಣೇ, ಇವತ್ತು ಹೇಳ್ಲಾ, ಇವತ್ತು ಹೇಳ್ಲಾ ಅಂತ." ಅವನ ದನಿ ಏರತೊಡಗಿತು. "ಕೆಲಸದ ಜಾಗದಲ್ಲಿ ಎಲ್ಲಾ ನಗ್ತಾರೆ ಲೇ. ಲಿಫ್ಟ್ ಮೇಲೆ ನಿಂತು ಕೈ ಎತ್ತಿದ್ರೆ ಇದು ಮೊಣಕೈಗೆ ಬರುತ್ತೆ. ಕಣ್ಣು ಮುಚ್ಕೊಂಡು ಕತ್ತರಿಸಿದ್ಯಾ? ಇದನ್ನ ಶರ್ಟು ಅಂತಾರಾ?"

"ಹೇಳೋಕೆ ನಿಮಗೆ ಬಾಯಿರಲಿಲ್ವಾ?"

"ಬೇಕಂತಲೇ ಕತ್ತರಿಸಿದೆ ಅಂತೀಯಲ್ಲ, ನಿಂಗೆ ಬುದ್ಧಿ ಇದೆಯಾ?"

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಸಮೀಕ್ಷಕಿ ಸೊನ್ನೆಯ ಪಕ್ಕದಲ್ಲಿ 'ಇವತ್ತು ಒಂದು' ಎಂದು ಬರೆದಳು. ಚೌಕದ ಗುರುತನ್ನು ಹೊಡೆದುಹಾಕಿದಳು. ಪ್ರಶ್ನಾವಳಿಯಲ್ಲಿ ಒಂದಕ್ಷರ ಸೇರಿಸಕೂಡದು ಎಂದು ಅವಳ ಮೇಲಿನವರು ಕಟ್ಟಪ್ಪಣೆ ಮಾಡಿದ್ದರು. ಬೈದರೆ ಬೈಯಲಿ ಎಂದು ಅಂಚಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಳು: 'ಈ ಮನೆಯ ಸೊನ್ನೆಯನ್ನು ನೆಮ್ಮದಿ ಎಂದು ಓದಬೇಡಿ. ಉಳಿದ ಮನೆಗಳಲ್ಲೂ ಮತ್ತೊಮ್ಮೆ ಕೇಳಬೇಕು.' ಟೈಲರಮ್ಮ ಮಾತು ನಿಲ್ಲಿಸದೆಯೇ ಅದನ್ನು ಓದಿ, ಮಾತು ನಿಲ್ಲಿಸದೆಯೇ ಸಹಿ ಹಾಕಿದಳು.

ಮೆಕ್ಯಾನಿಕ್ ಶರ್ಟು ಬಿಚ್ಚಿ ಮೆಷಿನ್ನಿನ ಮೇಲೆ ಎಸೆದ. ಅವಳು ಡ್ರಾಯರ್ ಎಳೆದಳು. ಫೋನ್ ಕೊಡುತ್ತಾಳೆಂದು ಅವನು ಕೈ ಚಾಚಿದ. ಅವಳು ಫೋನನ್ನು ಪಕ್ಕಕ್ಕೆ ಸರಿಸಿ, ಅದರ ಅಡಿಯಿಂದ ಒಂದು ನೀಲಿ ಪಟ್ಟಿ ತೆಗೆದಳು. ಎರಡು ಬೆರಳು ಅಗಲ, ಇಸ್ತ್ರಿ ಮಾಡಿ ಮಡಚಿಟ್ಟದ್ದು, ಒಂದೂವರೆ ತಿಂಗಳಿಂದ ಸೂಜಿ ಚುಚ್ಚಿಕೊಂಡೇ ಕಾಯುತ್ತಿದ್ದದ್ದು.