ಸಾಹೇಬರ ಪುಸ್ತಕದ ಕೊನೆಯ ಚಿತ್ರ

ಮೈಲುತುತ್ತ ಬೆರೆಸಿದ ಮೈದಾ ಅಂಟಿನ ವಾಸನೆ ಬಂದರೆ, ಈ ವಯಸ್ಸಿನಲ್ಲೂ ನಾನು ಕೈಲಿರುವ ಪುಸ್ತಕದ ಪುಟಗಳು ಅನುಕ್ರಮವಾಗಿವೆಯೇ ಎಂದು ಪರೀಕ್ಷಿಸುತ್ತೇನೆ.

ಅರಸೀಕೆರೆಯಲ್ಲಿ ಅಪ್ಪನದು ಬೈಂಡಿಂಗ್ ಅಂಗಡಿ. ರೈಲ್ವೆ ಗಾರ್ಡ್ ಆಗಿದ್ದ ಸಾಹೇಬರೊಬ್ಬರು, ತೀರಿಕೊಂಡ ಹೆಂಡತಿಯ ಪರ್ಷಿಯನ್ ಕವಿತೆಗಳ ಪುಸ್ತಕವನ್ನು ಹೊಲಿಯಲು ಕೊಟ್ಟಿದ್ದರು. ಹಾಳೆಗಳೆಲ್ಲ ಬಿಡಿಬಿಡಿ. ನಡುವೆ ಬಣ್ಣದ ಚಿತ್ರಗಳು: ದೀಪದ ಕುಡಿಯಂಥ ಹಸಿರು ಮರ, ಚಿನ್ನದ ಚಂದ್ರ, ಹಳೇಬೀಡಿನ ಗೋಡೆಯ ಶಿಲಾಬಾಲಿಕೆಯರಿಗಿಂತ ಹೆಚ್ಚು ಸೊಂಟ ಬಾಗಿಸಿದ ಹುಡುಗಿ, ಅವಳ ಪ್ರಿಯಕರ.

“ಬಲಗಡೆಯಿಂದ ತೆರೆಯೋ ಪುಸ್ತಕ ಕಣೇ, ಹುಷಾರು,” ಎಂದು ಅಪ್ಪ ಊಟಕ್ಕೆ ಹೋದ. ಚಿತ್ರ ನೋಡುತ್ತಿದ್ದಾಗ ಕಟ್ಟು ನನ್ನ ಮಡಿಲಿನಿಂದ ಜಾರಿ ಚೆಲ್ಲಾಪಿಲ್ಲಿಯಾಯಿತು. ಪುಟಸಂಖ್ಯೆಯೂ ನನಗೆ ಓದಲು ಬಾರದ ಆ ಪರ್ಷಿಯನ್ ಲಿಪಿಯಲ್ಲೇ ಇತ್ತು. ಚಿತ್ರಗಳನ್ನೇ ನಂಬಿ ಜೋಡಿಸಿದೆ: ಮೊದಲು ಹುಡುಗಿ ಅಳುವುದು, ಕೊನೆಗೆ ಇಬ್ಬರೂ ಸೇರುವುದು. ಬಲಗಡೆಯನ್ನು ಮಾತ್ರ ಹತ್ತು ಸಲ ಖಾತ್ರಿ ಮಾಡಿಕೊಂಡೆ. ನನ್ನ ಚಿಂತೆಗಳು ಆಗಲೂ ತಪ್ಪು ಜಾಗದಲ್ಲೇ ಕಾವಲು ಕೂರುತ್ತಿದ್ದವು. ಅಪ್ಪ ಹಾಗೇ ಹೊಲಿದ.

ಪುಸ್ತಕ ಒಯ್ಯಲು ಬಂದ ಸಾಹೇಬರು ಪುಟ ತಿರುಗಿಸುತ್ತಾ ನಿಂತುಬಿಟ್ಟರು. “ಇವರಿಬ್ರೂ ಕೊನೇಲಿ ದೂರ ಆಗ್ತಿದ್ರಲ್ಲ? ನಮ್ಮಾಕೆ ಓದಿ ಹೇಳೋಳು. ಅಲ್ಲಿಗೆ ಬಂದ್ರೆ ಅತ್ತೇಬಿಡೋಳು.”

ನಾನು ಅಳುತ್ತಲೇ ತಪ್ಪೊಪ್ಪಿಕೊಂಡೆ.

“ಏನ್ ಕೆಲ್ಸ ಮಾಡಿಟ್ಟೆಯೇ, ಮುಂಡೇದೇ! ಕೊಡಿ ಸಾಹೇಬ್ರೇ, ಬಿಚ್ಚಿ ಸರಿ ಮಾಡ್ತೀನಿ,” ಎಂದ ಅಪ್ಪ.

“ನಿಮಗೆ ಓದಕ್ಕೆ ಬತ್ತದಾ?”

“ಇಲ್ಲ.”

“ನಂಗೂ ಬರಲ್ಲ. ಹಿಂಗೇ ಇರ್ಲಿ ಬಿಡಿ.” ಕೊನೆಯ ಚಿತ್ರದ ಮೇಲೆ ಅಂಗೈ ಇಟ್ಟುಕೊಂಡು ನನ್ನ ಕಡೆ ತಿರುಗಿದರು. “ಮೊದಲ್ನೇ ಚಿತ್ರದಲ್ಲಿ ಈ ಹುಡುಗಿ ಯಾಕೆ ಅಳ್ತಿದ್ಲು ಅಂದ್ಕೊಂಡೆ, ಮಗಾ?”

“ಅವನು ಬರೋದು ತಡ ಆಯ್ತು ಅಂತ.”

ಸಾಹೇಬರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

“ಹೂಂ,” ಎಂದರು. “ನಾನು ಬರೋದೂ ತಡ ಆಗ್ತಿತ್ತು.”