ಅಣ್ಣತಮ್ಮಂದಿರ ನಂಬರ್ ಬೀಗ

"ಇದನ್ನ ಬಿಚ್ಚಿಕೊಡಿ ಸಾಬ್ರೇ. ನಾಡಿದ್ದು ಮಗಳ ಧಾರೆ" ಎಂದು ಗುಂಡಯ್ಯ ತಗಡಿನ ಟ್ರಂಕೊಂದನ್ನು ಶಿರಾ ಗೇಟಿನ ನನ್ನ ಸೈಕಲ್ ಶಾಪಿನ ಮುಂದೆ ಇಳಿಸಿದ. ಅವನ ತಮ್ಮ ಚಿಕ್ಕಮಾರಯ್ಯ ಬೆವರು ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ನಿಂತ. ಚೇಳೂರಿನಿಂದ ಬಸ್ಸಿನ ಮೇಲೆ ಹಾಕಿಕೊಂಡು ತಂದಿದ್ದ ಆ ಟ್ರಂಕಿಗೆ ನಂಬರ್ ಬೀಗ, ಬೀಗಕ್ಕೆ ಮೂರು ಚಕ್ರ. ಎಮರ್ಜೆನ್ಸಿ ಮುಗಿದ ವರ್ಷದ ಮಾತು ಇದು.

ಒಳಗಿದ್ದದ್ದು ಅವರ ತಾಯಿಯ ಬೆಳ್ಳಿ ಡಾಬು. ಅದನ್ನು ಸೊಂಟಕ್ಕೆ ಕಟ್ಟದೆ ಆ ಮನೆಯ ಹೆಣ್ಣು ಹಸೆಮಣೆ ಏರುವಂತಿಲ್ಲ. ತಾಯಿ ಹೋದ ಮೇಲೆ ಮೂರು ಜನ ಅಣ್ಣತಮ್ಮಂದಿರೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ ತಲೆಗೊಂದು ಚಕ್ರ ಹಂಚಿಕೊಂಡಿದ್ದರು. ದನದ ವ್ಯಾಪಾರದವರು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುವ ಹಾಗೆ, ಬೀಗದ ಮೇಲೆ ಟವೆಲ್ ಹೊದಿಸಿ ಅವರವರ ಚಕ್ರ ಅವರವರೇ ತಿರುಗಿಸಬೇಕು. ಈಗ ಕೊನೆಯವನು ಪುಟ್ಟರಂಗಯ್ಯ ಬದುವಿನ ಹುಣಸೆ ಮರದ ಜಗಳದಲ್ಲಿ ಮಾತು ಬಿಟ್ಟು ಗುಬ್ಬಿಗೆ ಹೋಗಿ ಕೂತಿದ್ದ.

"ಹೋಗಿ ಕರೀಬಾರ್ದಾ?" ಅಂದೆ.

"ಅವ್ನ ಬಾಗ್ಲಿಗೆ ನಾವಾ? ಅದಾಗಕಿಲ್ಲ ಬುಡಿ" ಎಂದ ಗುಂಡಯ್ಯ. "ನೀವಿದೀರಲ್ಲ. ಎಂಥಾ ನಂಬರ್ ಬೀಗ ಆದ್ರೂ ಟೀ ಆರೋದ್ರೊಳಗೆ ಬಿಚ್ತಾರೆ ಅಂತ ಗುಬ್ಬಿ ಸಂತೇಲೆಲ್ಲ ಹೇಳ್ತಾರೆ."

ಹಾಗೆ ಹೇಳಿಕೊಂಡು ತಿರುಗುತ್ತಿದ್ದವನು ಬೇರೆ ಯಾರೂ ಅಲ್ಲ, ನಾನೇ. ಪಂಕ್ಚರ್ ಹಾಕುವುದು ಹೊಟ್ಟೆಗೆ, ನಂಬರ್ ಬೀಗ ನನ್ನ ಹುಚ್ಚಿಗೆ. ಕೊಂಡಿ ಎಳೆದು ಹಿಡಿದು ಚಕ್ರವನ್ನು ನಿಧಾನ ತಿರುಗಿಸಿದರೆ, ಸರಿಯಾದ ನಂಬರಿನ ಹತ್ತಿರ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದೆ. ನನ್ನ ಬೆರಳು ಕಲಿತದ್ದು ಅಷ್ಟೇ, ಎರಡನೇ ಕ್ಲಾಸಿನಷ್ಟು. ಅದರ ಜಂಬ ಮಾತ್ರ ಎಂ.ಎ. ಪಾಸಾದವನದು.

ಚಿಕ್ಕಮಾರಯ್ಯ ಬಗ್ಗಿ, "ನನ್ನ ನಂಬರ್ ಬೇಕಾದ್ರೆ ನಿಮ್ ಕಿವೀಲಿ ಹೇಳ್ತೀನಿ. ಅಣ್ಣಂಗೆ ಕೇಳಿಸಬಾರ್ದು" ಎಂದ.

"ಬೇಡ ಯಜಮಾನ್ರೇ! ನಂಬರ್ ಕೇಳಿ ಬಿಚ್ಚೋದಾದ್ರೆ ನನ್ ಹತ್ರ ಯಾಕ್ ಬರ್ಬೇಕಿತ್ತು?" ಎಂದು ಗದರಿ ಕೂತೆ.

ಟೀ ಆರಿತು. ಇನ್ನೊಂದು ತರಿಸಿದೆ, ಅದೂ ಆರಿತು. ಯಾರೋ ಬೀಗಕ್ಕೆ ಹರಳೆಣ್ಣೆ ಬಿಟ್ಟಿದ್ದರು, ಚಕ್ರಗಳು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿದ್ದವು. ಕಣ್ಣು ಮುಚ್ಚಿದೆ, ಕಿವಿಯಿಟ್ಟೆ, ಬಿಸ್ಮಿಲ್ಲಾ ಎಂದೆ. ಸುತ್ತ ಸೇರಿದವರಲ್ಲಿ ಒಬ್ಬ, "ಪಾಷಾ ಭಾಯ್, ಬೀಗ ಬಿಚ್ತಿದೀರೋ, ಜಪ ಮಾಡ್ತಿದೀರೋ?" ಎಂದ. ಹೊತ್ತು ಇಳಿಯುವಾಗ ನಾಚಿಕೆ ಬಿಟ್ಟು ಗರಗಸ ಕೈಗೆತ್ತಿಕೊಂಡೆ.

"ಕುಯ್ಯಬೇಡಿ!" ಎಂದು ಇಬ್ಬರೂ ಕೂಗಿದರು. "ಗುರುತು ಕಂಡ್ರೆ ಅಣ್ಣಂದ್ರು ಕದ್ರು ಅಂತ ಪಂಚಾಯ್ತಿ ಸೇರಿಸ್ತಾನೆ."

"ಹಂಗಾದ್ರೆ ನನ್ನ ಕೈಲಾಗಲ್ಲ" ಎಂದೆ. ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡು ಟ್ರಂಕು ಎತ್ತಿಕೊಂಡು ಗುಬ್ಬಿ ಬಸ್ಸು ಹತ್ತಿದರು. ನೆರೆದವರು ನಗುತ್ತಾ ಚದುರಿದರು.

ಮದುವೆಯಾದ ಮಾರನೆಯ ದಿನ ಮೂವರೂ ಒಟ್ಟಿಗೆ ಬಂದರು. ಕೈಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ಪುಟ್ಟರಂಗಯ್ಯ ನನ್ನ ಕಾಲಿಗೆ ಬಗ್ಗಲು ಬಂದ.

"ಸಾಬ್ರೇ, ಇವ್ರಿಬ್ರೂ ಅವ್ರವ್ರ ಚಕ್ರ ತಿರುಗ್ಸಿದ್ರೆ ಉಳಿಯೋದು ನಂದೊಂದೇ. ಅದ್ರಲ್ಲಿರೋದೇ ಹತ್ತು ನಂಬರ್. ಸುಮ್ನೆ ಒಂದ್ ಸುತ್ತು ತಿರುಗ್ಸಿ ನೋಡಿದ್ರೆ ಎಳೇ ಮಗೂನೂ ಬಿಚ್ತಿತ್ತು. ಜಗಳದ ತಲೇಲಿ ಇವ್ರಿಗೆ ಹೊಳೀಲಿಲ್ಲ. ನಿಮಗೆ ಗೊತ್ತಿದ್ರೂ ನೀವು ಮಾಡ್ಲಿಲ್ಲ. ಅಣ್ಣಂದ್ರು ನಮ್ಮನೆ ಬಾಗ್ಲಿಗೆ ಬರ್ಲಿ ಅಂತ ತಾನೆ?"

ನಾನು ಪಂಪು ಹಿಡಿದುಕೊಂಡೇ ನಿಂತೆ. ಹತ್ತೇ ನಂಬರ್! ಅರ್ಧ ದಿನ ಕಣ್ಣು ಮುಚ್ಚಿ ಕೂತಿದ್ದವನಿಗೆ ಅದು ಕನಸಿನಲ್ಲೂ ಬಂದಿರಲಿಲ್ಲ.

"ಅಲ್ಲಾನ ಆಣೆ, ನಂಗೂ ಹೊಳೀಲಿಲ್ಲ ಕಣಪ್ಪಾ. ಬುದ್ಧಿಯೆಲ್ಲಾ ಬೆರಳಿಗೆ ಇಳಿದು ತಲೆ ಖಾಲಿಯಾಗಿತ್ತು."

"ನೋಡ್ದೇನ್ಲಾ?" ಎಂದ ಗುಂಡಯ್ಯ ತಮ್ಮನ ಬೆನ್ನಿಗೆ ತಟ್ಟಿ. "ದೊಡ್ಡ ಮನುಷ್ಯರು ಯಾವತ್ತೂ ಹಂಗೇ ಹೇಳೋದು."

ಸುದ್ದಿ ಕುಣಿಗಲ್‌ವರೆಗೂ ಹೋಯಿತು. ಸ್ವಲ್ಪ ದಿನಕ್ಕೆ ಅಲ್ಲಿಂದ ಹೊಂಬಾಳಮ್ಮ ಎಂಬಾಕೆ ಬೀಗ ಹಾಕಿದ ಪೆಟ್ಟಿಗೆ ಹೊತ್ತು ಬಂದಳು. ಅವಳ ಗಂಡ ರಸ್ತೆಯ ಆಚೆ ಬೀಡಿ ಹಚ್ಚುತ್ತಾ ನಿಂತಿದ್ದ.

"ನಮ್ಮತ್ತೆ ಮುನಿಸ್ಕೊಂಡು ಮಗಳ ಮನೆ ಸೇರವ್ರೆ. ನಂಬರ್ ಅವ್ರಿಗೇ ಗೊತ್ತು" ಎಂದು ದನಿ ಇಳಿಸಿದಳು. "ಬಿಚ್ಚಿಸ್ಕೊಂಡು ಹೋಗನ, ಕರೆಯೋದೇನೂ ಬ್ಯಾಡ ಅಂತಾರೆ ಇವ್ರು. ನೀವು ಸುಮ್ಕೆ ಕೈಯಾಡ್ಸಿ, ಆಗಲ್ಲ ಅಂದ್ಬುಡಿ ಸಾಬ್ರೇ. ನಿಮ್ದು ಒಳ್ಳೇ ಕೈಗುಣ ಅಂತೆ."

ಬರೀ ಆಡಿಸಲೆಂದೇ ಬೆರಳಿಟ್ಟೆ. ಕೊಂಡಿ ಟಕ್ಕನೆ ಮೇಲೆದ್ದಿತು. ಇಷ್ಟು ಬೇಗ ಯಾವ ಬೀಗವೂ ನನ್ನ ಕೈಯಲ್ಲಿ ಬಿಚ್ಚಿಕೊಂಡಿರಲಿಲ್ಲ. ಅವತ್ತು ನಕ್ಕವರೆಲ್ಲ ಅಲ್ಲೇ ಟೀ ಅಂಗಡಿಯಲ್ಲಿ ಕೂತಿದ್ದರು. ಎತ್ತಿ ತೋರಿಸೋಣವೆಂದು ಕೈ ತುರಿಸಿತು. ಹೊಂಬಾಳಮ್ಮ ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಮ್ಮಾ, ಇದು ನನ್ನ ಕೈಲಾಗಲ್ಲ" ಎಂದು ರಸ್ತೆಯ ಆಚೆಗೂ ಕೇಳುವಂತೆ ಹೇಳಿ ಅಂಗೈಯಿಂದ ಕೊಂಡಿಯನ್ನು ಒಳಕ್ಕೆ ಒತ್ತಿ ಚಕ್ರಗಳನ್ನು ತಿರುಗಿಸಿಬಿಟ್ಟೆ. ಆ ಸದ್ದು ಯಾರಿಗೂ ಕೇಳಿಸದಿರಲಿ ಎಂದು ಜೋರಾಗಿ ಕೆಮ್ಮಿದೆ.