ಅಂಜನದ ಜಾಡಿ

"ಸಾಮೀ, ನಮ್ಮ ಹುಡುಗ ಯಾವ ದಿಕ್ಕಿಗೆ ಹೋದ ಅಂತ ಒಸಿ ನೋಡಿ ಹೇಳ್ರಪ್ಪಾ."

ಆ ಹೆಂಗಸು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಚಲಪತಿ ಮೇಷ್ಟ್ರ ಕೈ ಸೈಕಲ್ ಪಂಪಿನ ಮೇಲಿತ್ತು. ಬೆಚ್ಚಿಬಿದ್ದು ಕೈ ಜಾರಿತು. ಗಾಜಿನ ಜಾಡಿಯ ತಳದ ವಾಷರು ಪುಸ್ಸೆಂದಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು.

"ಅಮ್ಮಾ ತಾಯಿ, ಇದು ಅಂಜನ ಅಲ್ಲ! ಎಷ್ಟು ಸಲ ಹೇಳ್ಬೇಕು ನಿಮಗೆ?"

"ನಾನು ಬಂದಿರೋದು ಇದೇ ಮೊದಲು ಸಾಮಿ" ಎಂದಳು ಅವಳು.

ಇಷ್ಟಕ್ಕೆಲ್ಲ ಕಾರಣ ಮನೆಯ ಮಾಲೀಕ ಮುನಿಗಂಗಪ್ಪ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಚಲಪತಿ ಕತ್ತಲೆ ಕೋಣೆ ಬೇಕೆಂದು ಅವನ ಹಳೆಯ ರೇಷ್ಮೆಹುಳು ಮನೆಯನ್ನು ಬಾಡಿಗೆಗೆ ಹಿಡಿದಿದ್ದ. ಅಲ್ಲಿ ಅವನು ಕಟ್ಟುತ್ತಿದ್ದುದು ಕಣ್ಣಿಗೆ ಕಾಣದ ಕಣಗಳ ಜಾಡು ಹಿಡಿಯುವ ಯಂತ್ರ. ಅಗಲ ಬಾಯಿಯ ಜಾಡಿ, ತಳಕ್ಕೆ ಕರಿಯ ಮಖಮಲ್ಲು, ಒಳಗೆ ಸ್ಪಿರಿಟ್ಟಿನ ಆವಿ. ನಡುವೆ ಒಂದು ಸೂಜಿ, ಅದರ ತುದಿಗೆ ಕತ್ತಲಲ್ಲಿ ಹೊಳೆಯುವ ಹಳೆಯ ಗಡಿಯಾರದ ಮುಳ್ಳು. ಮುಳ್ಳಿಗೆ ಬಳಿದ ಆ ಹೊಳೆಯುವ ಬಣ್ಣದಿಂದ ಕಣಗಳು ಸಿಡಿಯುತ್ತವೆ. ಪಂಪಿನಿಂದ ಗಾಳಿ ಒತ್ತಿ ತಟ್ಟನೆ ಬಿಟ್ಟರೆ, ಬಸವನಹುಳು ಹೋದ ದಾರಿಯ ಹಾಗೆ, ಕಣ ಹೋದ ಕಡೆಯೆಲ್ಲ ಬಿಳಿಯ ಗೆರೆ ಮೂಡಬೇಕು. ಮೂಡಿದ್ದು ಮಾತ್ರ ಬರೀ ಮಂಜು! ಒಳಗಿನ ಧೂಳು ಕೂರುವ ತನಕ ಬಿಡದೆ ಮತ್ತೆ ಮತ್ತೆ ಒತ್ತಿ ಬಿಡುತ್ತಿರಬೇಕು. ನಡುವೆ ನಿಲ್ಲಿಸಿದರೆ ಹಾಳು ವಾಷರಿನಿಂದ ಹೊಸ ಧೂಳು ನುಗ್ಗಿ ಮತ್ತೆ ಮೊದಲಿನಿಂದ ಶುರು.

ಕತ್ತಲಲ್ಲಿ ದೀಪವಿಟ್ಟುಕೊಂಡು ಕರಿಯ ಬಟ್ಟೆಯನ್ನೇ ದಿಟ್ಟಿಸುವ ಬಾಡಿಗೆದಾರನನ್ನು ಮುನಿಗಂಗಪ್ಪ ಕಿಟಕಿಯ ಸಂದಿಯಿಂದ ನೋಡಿ, ಕಳೆದದ್ದನ್ನು ಅಂಜನ ಹಾಕಿ ಹೇಳುವವನೆಂದು ತಿಳಿದಿದ್ದ. ಅವನ ಎಮ್ಮೆ ಕಾಣೆಯಾದ ದಿನ ಬಂದು, "ಒಂದು ಕಿತ ನೋಡಿ ಮೇಷ್ಟ್ರೇ" ಎಂದು ಪ್ರಾಣ ಹಿಂಡಿದ. ಚಲಪತಿಗೆ ರೇಗಿತು. "ಮೂಡಲಕ್ಕೆ ಹೋಗಿದೆ, ಹೋಗಯ್ಯಾ!" ಎಂದುಬಿಟ್ಟ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಎಮ್ಮೆ ಮೂಡಲ ದಿಕ್ಕಿನ ಕೆರೆಯಲ್ಲೇ ಸಿಕ್ಕಿತು. ಎಮ್ಮೆ ಕೆರೆಯಲ್ಲಿರದೆ ಇನ್ನೇನು ತಾಲ್ಲೂಕು ಕಚೇರಿಯಲ್ಲಿರುತ್ತದೆಯೇ? ಆದರೆ ಕೇಳುವವರು ಯಾರು! ಅಂದಿನಿಂದ ಮೂಗುತಿ ಕಳೆದುಕೊಂಡವರು, ಕುರಿ ಕಳೆದುಕೊಂಡವರು ಎಲ್ಲರೂ ಜಗಲಿಯ ಮೇಲೆ. ಮುನಿಗಂಗಪ್ಪ ಅವರನ್ನು ಸಾಲಾಗಿ ಕೂರಿಸಿ ಕುಡಿಯಲು ನೀರು ಬೇರೆ ಕೊಡುತ್ತಿದ್ದ. ಜಾಡಿಯ ಧೂಳು ಕೂರುವ ಮೊದಲೇ ಒಬ್ಬರಲ್ಲ ಒಬ್ಬರು ಬಾಗಿಲು ತಳ್ಳುತ್ತಿದ್ದರು.

ನಾಳೆ ಬೆಳಿಗ್ಗೆ ಬೆಂಗಳೂರಿನಿಂದ ಪ್ರೊಫೆಸರು ಬರುತ್ತಾರೆ. ಅವರ ಕಣ್ಣಿಗೆ ಒಂದು ಗೆರೆ ಬಿದ್ದರೆ ಚಲಪತಿಗೆ ಅವರ ಪ್ರಯೋಗಶಾಲೆಯಲ್ಲಿ ಕೆಲಸ. ಬೀಳದಿದ್ದರೆ ರಿಟೈರಾಗುವ ತನಕ ಸೀಮೆಸುಣ್ಣದ ಪುಡಿ ಕುಡಿಯುತ್ತಾ ಇಲ್ಲೇ ಬಿದ್ದಿರಬೇಕು.

"ಹೊರಡಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಹೊರಡಲಿಲ್ಲ. ಕಂಕುಳಲ್ಲಿದ್ದ ಬುತ್ತಿ ಗಂಟನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತಳು. ಹೆಸರು ಓಬಳಮ್ಮ, ಮಂಡಿಕಲ್ ಕಡೆಯವಳು. "ಮುನಿಶಾಮಿ ಅಂತ, ಒಬ್ಬನೇ ಮಗ. ಕೆಲಸ ಮಾಡಲ್ಲ ಅಂತ ಬೈದೆ. ಎಲ್ಲಾದ್ರೂ ಹಾಳಾಗಿ ಹೋಗು ಅಂದ್ಬಿಟ್ಟೆ, ನನ್ನ ಬಾಯಿಗೆ ಮಣ್ಣು ಬೀಳ. ಹೋಗೇಬಿಟ್ಟ ನಾಯನಾ. ಎಮ್ಮೆಗೆ ದಿಕ್ಕು ತೋರಿಸಿದ್ರಂತೆ. ನನ್ನ ಮಗ ಎಮ್ಮೆಗಿಂತ ಕಡೆಯಾ? ಯಾವ ಕಡೆ ಅಂತ ಹೇಳಿದ್ರೆ ಇಲ್ಲಿಂದಲೇ ನಡೀತೀನಿ."

ಚಲಪತಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮೂಡಲ ಎಂದರೆ ಈಗಲೇ ಎದ್ದು ಹೋಗುತ್ತಾಳೆ, ನಿಜ. ಆದರೆ ಆ ಬುತ್ತಿ ಗಂಟನ್ನು ನೋಡಿಕೊಂಡು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಬಾಮ್ಮಾ, ನೀನೇ ನೋಡು. ಇದರಲ್ಲಿ ನಿನ್ನ ಮಗನೂ ಕಾಣಲ್ಲ, ನನ್ನ ತಾತನೂ ಕಾಣಲ್ಲ. ಬರೀ ಮಂಜು!" ಎಂದು ಅವಳನ್ನು ಜಾಡಿಯ ಮುಂದೆ ನಿಲ್ಲಿಸಿ, ಬಾಗಿಲಿಗೆ ಅಗಳಿ ಹಾಕಿ, ಸಿಟ್ಟೆಲ್ಲ ತೋಳಿಗಿಳಿಸಿ ಪಂಪು ಒತ್ತತೊಡಗಿದ. ಒತ್ತಿದ, ಬಿಟ್ಟ. ಮಂಜು. ಒತ್ತಿದ, ಬಿಟ್ಟ. ಮಂಜು ತೆಳುವಾಯಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮತ್ತೆ ಒತ್ತಿ ಬಿಟ್ಟ.

ಕರಿಯ ಮಖಮಲ್ಲಿನ ಮೇಲೆ ಬೆಳ್ಳಗೆ, ಚೂಪಾಗಿ ಗೆರೆಗಳು ಎದ್ದುವು. ಮರುಗಳಿಗೆಗೆ ಕರಗಿದುವು.

"ಬಂತು! ಅಯ್ಯೋ ಶಿವನೇ, ಬಂತು ಕಣಮ್ಮಾ!" ಚಲಪತಿ ಕುಣಿದುಬಿಟ್ಟ. ಇನ್ನೊಮ್ಮೆ ಒತ್ತಿ ಬಿಟ್ಟ. ಮತ್ತೆ ಬಂದುವು. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರೇ ಬಂದಿತು.

"ಸುತ್ತಲೂ ಹೋಗ್ತಾ ಐತಲ್ಲ ಸಾಮಿ" ಎಂದಳು ಓಬಳಮ್ಮ, ಜಾಡಿಯಿಂದ ಕಣ್ಣು ಕೀಳದೆ. "ಒಂದು ಕಡೆಗಲ್ಲ, ಎಲ್ಲಾ ಕಡೆಗೂ."

ಚಲಪತಿಯ ಕುಣಿತ ನಿಂತಿತು. "ಅಮ್ಮಾ, ಅದು ನಿನ್ನ ಮಗನ ಗೆರೆ ಅಲ್ಲ. ಆ ಗಡಿಯಾರದ ಮುಳ್ಳು ಇದೆಯಲ್ಲ, ಅದರಿಂದ..."

ಅವಳು ಕೇಳಿಸಿಕೊಳ್ಳಲಿಲ್ಲ. ಜಾಡಿಗೆ ಎರಡೂ ಕೈ ಮುಗಿದಳು, ಬಗ್ಗಿ ಬುತ್ತಿ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು, ತಾನೇ ಅಗಳಿ ತೆಗೆದಳು.

"ಚಿಂತಾಮಣಿ ರಸ್ತೆ ಯಾವ ಕಡೆ ಬರ್ತದೆ ಸಾಮಿ? ಹತ್ತಿರದ ಊರು ಮೊದಲು ಮುಗಿಸ್ಕೊಂಡು, ಆಮೇಲೆ ದೂರದ್ದು ನೋಡ್ತೀನಿ."